ಟೈಪಿಂಗ್ ಮೇಷ್ಟ್ರ ಇಪ್ಪತ್ತೆರಡು ನಿಮಿಷದ ಹಾಡು

ಹೊಸದುರ್ಗದಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುವ ಅಂಗಡಿಯೊಂದಿದೆ. ಈಚೆಗೆ ಒಂದು ಶನಿವಾರ ನನ್ನ ಹಳೆಯ ಮಿಷನ್ನನ್ನು ಅಲ್ಲಿಗೆ ಒಯ್ದಿದ್ದೆ. ಅಂಗಡಿಯವನು ಅದನ್ನು ಮಗ್ಗುಲಿಗೆ ಒರಗಿಸಿ ಒಳಗಿನ ಹಲ್ಲುಗಳಿಗೆ ಎಣ್ಣೆ ಬಿಟ್ಟ. ತೆಳ್ಳನೆಯ ಮಿಷನ್ ಎಣ್ಣೆ, ಅದರ ಜೊತೆ ಬಿಸಿಲಿಗೆ ಕಾದ ಹಳೆಯ ಕಬ್ಬಿಣ... ಇದಕ್ಕೆ ಒಂದಿಷ್ಟು ಮಸಿ ರಿಬ್ಬನ್ನಿನ ವಾಸನೆ ಸೇರಿಬಿಟ್ಟಿದ್ದರೆ ಥೇಟ್ ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರಿನ ಆ ಮಹಡಿ ಕೋಣೆಯೇ.

“ಯಾಕ್ ಮೇಡಂ, ಮುಖ ಒಂಥರಾ ಆಯ್ತಲ್ಲ. ಕುಂತ್ಕಳ್ರಿ” ಅಂದ ಅಂಗಡಿಯವನು.

ನನಗೆ ಏನೂ ಆಗಿರಲಿಲ್ಲ, ಸಿಟ್ಟು ಬಂದಿತ್ತು. ಮೂವತ್ತು ವರ್ಷಗಳಿಂದ ಒಳಗೇ ಇಟ್ಟುಕೊಂಡಿದ್ದ ಸಿಟ್ಟು ಒಂದು ತೊಟ್ಟು ಎಣ್ಣೆಯ ವಾಸನೆಗೆ ಎದ್ದು ಕೂತಿತ್ತು.

ನಾನು ಹೊರಕೆರೆದೇವಪುರದವಳು. ಪಿಯುಸಿ ಮುಗಿದ ಮೇಲೆ ಹೊಳಲ್ಕೆರೆಯ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಟೈಪಿಂಗ್ ಕಲಿಯಲು ಸೇರಿದೆ. ಆಗ ನನಗೆ ಹತ್ತೊಂಬತ್ತು. ಮರದ ಮೆಟ್ಟಿಲು ಹತ್ತಿ ಹೋದರೆ ಉದ್ದನೆಯ ಒಂದು ಕೋಣೆ, ಎರಡು ಸಾಲಿನಲ್ಲಿ ಹತ್ತು ಟೈಪ್‌ರೈಟರ್‌ಗಳು, ಬೀದಿಗೆ ತೆರೆದ ಎರಡು ಕಿಟಕಿ. ಟೈಪಿಂಗ್ ಮೇಷ್ಟ್ರಿಗೆ ನಲವತ್ತರ ಆಸುಪಾಸು. ಬಡಕಲು ಮೈ, ಮೊಣಕೈವರೆಗೆ ಮಡಿಸಿದ ಬಿಳಿ ಅಂಗಿ. ಮುಂಬಯಿಯ ಒಂದು ಕಚೇರಿಯಲ್ಲಿ ಕೆಲವು ವರ್ಷ ಸ್ಟೆನೋ ಆಗಿದ್ದು, ತಾಯಿಯ ಕಾಯಿಲೆಯೆಂದು ಹೆಂಡತಿಯೊಂದಿಗೆ ವಾಪಸ್ಸು ಬಂದವರು. ಮಾತು ಕಡಿಮೆ. ಯಾರನ್ನೂ ಗದರಿಸಿದ್ದು ನಾನು ನೋಡಿಲ್ಲ.

ಟೈಪಿಂಗ್ ಕಲಿತವರಿಗೆ ಮೊದಲ ಪಾಠ ಗೊತ್ತಿರುತ್ತದೆ. ಎಡಗೈಯಲ್ಲಿ ಎ, ಎಸ್, ಡಿ, ಎಫ್, ಜಿ, ಎಫ್. ಆಮೇಲೆ ಹೆಬ್ಬೆರಳಿನಿಂದ ಸ್ಪೇಸ್. ತಿಂಗಳುಗಟ್ಟಲೆ ಅದನ್ನೇ ಕುಟ್ಟಬೇಕು. ನಾನು ಆರು ಅಕ್ಷರ ಹೊಡೆದು ಸ್ಪೇಸನ್ನು ಅವಸರದಲ್ಲಿ ನುಂಗಿಬಿಡುತ್ತಿದ್ದೆ. ಮೇಷ್ಟ್ರು ಒಂದು ದಿನ ಹಿಂದೆ ಬಂದು ನಿಂತರು.

“ಸ್ಪೇಸ್ ಅಂದ್ರೆ ಖಾಲಿ ಜಾಗ ಅಲ್ಲಮ್ಮ. ಅದೂ ಒಂದು ಏಟೇ. ಆರು ಅಕ್ಷರ, ಒಂದು ಸ್ಪೇಸ್. ಎಷ್ಟಾಯ್ತು?”

“ಏಳು ಸರ್.”

“ಏಳು. ತಡಿ, ಏಳು ಅಂದ್ರೆ ಹೆಂಗಿರ್ತೈತೆ ಅಂತ ಕೇಳಿಸ್ತೀನಿ.”

ಬೀರುವಿನಿಂದ ಒಂದು ಟೇಪ್ ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟು ಕ್ಯಾಸೆಟ್ ಹಾಕಿದರು. ಮೊದಲು ಏನೂ ಇಲ್ಲ, ದೂರದಲ್ಲಿ ನೀರು ಜಿನುಗುವಂಥ ಸದ್ದು. ಆಮೇಲೆ ಡ್ರಮ್ಮು. ನಾಲ್ಕಕ್ಕೆ ಮುಗಿಯಬೇಕು ಅಂತ ಕಿವಿ ಕಾಯುತ್ತದೆ, ಮುಗಿಯುವುದಿಲ್ಲ. ಎಂಟಕ್ಕೆ ಮುಗಿಯಬೇಕು ಅನ್ನುವಷ್ಟರಲ್ಲಿ ಏಳಕ್ಕೇ ಮುಗಿದು ಮತ್ತೆ ಶುರುವಾಗಿರುತ್ತದೆ. ನಮ್ಮೂರ ಭಜನೆಯವರು ಕೆಲವು ಪದಗಳಿಗೆ ಹಿಂಗೇ ತಾಳ ಹಾಕುತ್ತಿದ್ದರು. ಆದರೆ ಇಲ್ಲಿ ಹಾಡುತ್ತಿದ್ದವರು ಬಿಳಿಯರು, ಭಾಷೆ ಇಂಗ್ಲಿಷು. ಮೇಷ್ಟ್ರು “ಹೊಡೀರಿ” ಅಂದರು. ಒಂದು ಮಿಷನ್ ಶುರುವಾಯಿತು, ಮತ್ತೊಂದು, ಮಗದೊಂದು... ಹತ್ತೂ ಮಿಷನ್ನುಗಳು ಏಳರ ಲೆಕ್ಕಕ್ಕೆ ಬಿದ್ದಾಗ ಆ ಹಲಗೆಯ ನೆಲ ನಡುಗುತ್ತಿತ್ತು. ಕೆಳಗಿನ ಬಟ್ಟೆ ಅಂಗಡಿಯವರು ಮೇಲೆ ಬಂದು ಇಣುಕಿ ಹೋದರು. ನಾನು ಅವತ್ತು ಸ್ಪೇಸ್ ನುಂಗಲಿಲ್ಲ. ಆಮೇಲೆ ಯಾವತ್ತೂ ನುಂಗಲಿಲ್ಲ.

ಬ್ಯಾಂಡಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಈಗಲೇ ಮೊಬೈಲಿನಲ್ಲಿ ಹುಡುಕಿ, ಎರಡು ನಿಮಿಷ ಕೇಳಿ, ಮುಂದಿನದಕ್ಕೆ ಜಾರಿಬಿಡುತ್ತೀರಿ. ನಾನು ಹುಟ್ಟುವುದಕ್ಕೂ ಮೊದಲಿನ ಇಂಗ್ಲೆಂಡಿನ ಐದು ಜನರ ಬ್ಯಾಂಡು ಅಂದರೆ ಸಾಕು. ಪ್ರೋಗ್ರೆಸ್ಸಿವ್ ರಾಕ್ ಅನ್ನುತ್ತಾರೆ. ಅವರ ಒಂದೊಂದು ಹಾಡೂ ಒಂದೊಂದು ಪ್ರಯಾಣದಷ್ಟು ಉದ್ದ. ಮೇಷ್ಟ್ರ ಹತ್ತಿರ ನಾಲ್ಕು ಕ್ಯಾಸೆಟ್ ಇದ್ದವು, ಮುಂಬಯಿಯ ಸಹೋದ್ಯೋಗಿಯೊಬ್ಬರು ರೆಕಾರ್ಡ್ ಮಾಡಿಕೊಟ್ಟದ್ದು. ಅದರಲ್ಲಿ ಇಪ್ಪತ್ತೆರಡು ನಿಮಿಷದ ಈ ಹಾಡು ಒಂದು ಮಗ್ಗುಲಿನ ಮುಕ್ಕಾಲು ಪಾಲು ತುಂಬಿಕೊಂಡಿತ್ತು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಕೇಳಲು ಬರಬಹುದು ಅಂತ ಮೇಷ್ಟ್ರು ಎಲ್ಲರಿಗೂ ಹೇಳಿದ್ದರು. ಮೊದಲ ವಾರ ಎಂಟು ಜನ ಬಂದರು, ಎರಡನೇ ವಾರ ನಾಲ್ಕು. ಕೊನೆಗೆ ಉಳಿದದ್ದು ನಾನು ಮತ್ತು ಪೋಸ್ಟ್‌ಮನ್ ಅಣ್ಣ. ಅವನು ಒಮ್ಮೆ ಕಾಗದ ಕೊಡಲು ಬಂದವನು ಹಾಡು ಕೇಳಿ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಬಾಗಿಲು, ಕಿಟಕಿ ಯಾವತ್ತೂ ತೆರೆದೇ ಇರುತ್ತಿದ್ದವು. ದಾವಣಗೆರೆ ಬಸ್ಸಿನ ಕಂಡಕ್ಟರ್ ಭರಮಸಾಗರ, ಭರಮಸಾಗರ ಅಂತ ಕೂಗುವುದು ಹಾಡಿನ ನಡುವೆ ಬಂದು ಸೇರುತ್ತಿತ್ತು. ಮೇಷ್ಟ್ರು ನಗುತ್ತಿದ್ದರು.

“ಇದ್ರಾಗೆ ಅರ್ಥ ಹುಡುಕಾಕೆ ಹೋಗ್ಬೇಡ್ರಿ” ಅನ್ನುತ್ತಿದ್ದರು. “ದುರ್ಗದ ಕೋಟೆ ಹತ್ತೀರಲ್ಲ, ಬಾಗಿಲು ಯಾವುದಾದ್ರೂ ನೇರಕ್ಕೆ ಐತಾ? ತಿರುಗಬೇಕು, ಗೋಡೆ ಸಿಗ್ತೈತೆ, ಮತ್ತೆ ತಿರುಗಬೇಕು. ಮುಂದಿಂದು ಕಾಣಂಗೇ ಇಲ್ಲ. ಹಂಗೆ ಕೇಳ್ರಿ.”

ಆ ಹಾಡು ಯಾಕೆ ಹಿಡಿಸಿತು ಅಂತ ನನ್ನನ್ನು ಕೇಳಿದರೆ ನಾನು ಇದನ್ನೇ ಹೇಳಬೇಕು. ಹೊರಕೆರೆದೇವಪುರದ ಹುಡುಗಿಗೆ ಮುಂದಿನದೆಲ್ಲ ಕಾಣುತ್ತಿತ್ತು. ಪರೀಕ್ಷೆ, ಮದುವೆ, ಅಡುಗೆಮನೆ. ಎಲ್ಲ ನೇರ, ಎಲ್ಲ ನಾಲ್ಕರ ತಾಳ. ಮುಂದೇನು ಬರುತ್ತದೆ ಅಂತ ನನಗೆ ಗೊತ್ತಿಲ್ಲದ ಒಂದೇ ಒಂದು ಜಾಗ ಆ ಇಪ್ಪತ್ತೆರಡು ನಿಮಿಷವಾಗಿತ್ತು. ಒಂಬತ್ತನೇ ನಿಮಿಷಕ್ಕೆ ಎಲ್ಲ ವಾದ್ಯಗಳೂ ಒಂದೊಂದಾಗಿ ನಿಂತು ಆರ್ಗನ್ ಒಂದೇ ಉಳಿಯುತ್ತದೆ. ಚರ್ಚುಗಳಲ್ಲಿರುವ, ಗೋಡೆಯಷ್ಟು ದೊಡ್ಡ ಹಾರ್ಮೋನಿಯಂ ಅಂದುಕೊಳ್ಳಿ. ಅದು ಒಂದೇ ಸ್ವರವನ್ನು ಹಿಡಿದು ನಿಂತುಕೊಳ್ಳುತ್ತದೆ, ಹಾಡು ಸತ್ತೇಹೋಯಿತು ಅನ್ನುವವರೆಗೆ. ಆಮೇಲೆ ಗಿಟಾರಿನವನು ಮೊದಲಿನ ರಾಗವನ್ನೇ ಬೇರೆ ಮುಖ ತೊಡಿಸಿ ತರುತ್ತಾನೆ. ಪ್ರತಿ ಸಲವೂ ನನ್ನ ಕಣ್ಣು ತುಂಬುತ್ತಿತ್ತು, ಪ್ರತಿ ಸಲವೂ ನನಗೆ ನಾಚಿಕೆಯಾಗುತ್ತಿತ್ತು, ಮೇಷ್ಟ್ರು ಪ್ರತಿ ಸಲವೂ ಕಿಟಕಿಯ ಕಡೆ ನೋಡುತ್ತ ಕೂತಿರುತ್ತಿದ್ದರು.

ಈಗ ಆ ಬ್ಯಾಂಡಿನ ಅಭಿಮಾನಿಗಳದೊಂದು ಗುಂಪು ನನ್ನ ಫೋನಿನಲ್ಲಿದೆ. ನಾನು ಕೆಲಸ ಮಾಡುವ ಕೋರ್ಟಿನ ಕಿರಿಯ ಗುಮಾಸ್ತನೊಬ್ಬ ಸೇರಿಸಿದ. ಈ ಬ್ಯಾಂಡ್ ನಿಮಗೆ ಯಾಕಿಷ್ಟ ಅಂತ ಅಲ್ಲಿ ಯಾರಾದರೂ ಆಗಾಗ ಕೇಳುತ್ತಿರುತ್ತಾರೆ. ಗಿಟಾರಿನವನ ಬೆರಳ ವೇಗ ಅಂತ ಒಬ್ಬ ಬರೆಯುತ್ತಾನೆ, ಇಂಥ ಸಂಗೀತ ಸಾಮಾನ್ಯ ಜನಕ್ಕೆ ದಕ್ಕುವುದಿಲ್ಲ ಅಂತ ಮತ್ತೊಬ್ಬ. ಓದಿದಾಗೆಲ್ಲ ಮೈ ಉರಿಯುತ್ತದೆ. ನಮ್ಮ ಪೋಸ್ಟ್‌ಮನ್ ಅಣ್ಣನಿಗೆ ದಕ್ಕಿತ್ತು ಕಣಪ್ಪ, ಇಂಗ್ಲಿಷಿನಲ್ಲಿ ವಿಳಾಸ ಬಿಟ್ಟು ಬೇರೇನೂ ಓದಲು ಬಾರದವನಿಗೆ. ಇದನ್ನು ಪ್ರೀತಿಸಿದ್ದಕ್ಕೆ ನೀವು ಏನನ್ನಾದರೂ ಕಳೆದುಕೊಂಡಿದ್ದೀರಾ ಅಂತ ಆ ಗುಂಪಿನವರನ್ನು ಕೇಳಬೇಕು ಅನ್ನಿಸುತ್ತದೆ. ಆದರೆ ಕಳೆದುಕೊಂಡವಳು ನಾನೂ ಅಲ್ಲವಲ್ಲ...

ಚಂದ್ರವಳ್ಳಿಯ ವಿಷಯ ತೆಗೆದವಳು ನಾನೇ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಶಾಲೆಯಲ್ಲಿದ್ದಾಗ, ದುರ್ಗದ ಕೋಟೆಯ ಹಿಂದಿರುವ ಅಲ್ಲಿನ ಗವಿಗಳನ್ನು ನೋಡಿ ಬಂದಿದ್ದೆ. ಒಂದು ಭಾನುವಾರ ಆರ್ಗನ್ನಿನ ಭಾಗ ಮುಗಿದಾಗ, “ಸರ್, ಇದನ್ನ ಚಂದ್ರವಳ್ಳಿ ಗವಿಯಾಗೆ ಕೇಳ್ಬೇಕು” ಅಂದೆ. ಮೇಷ್ಟ್ರು ಬೇಡ ಅಂದರು. ಮುಂದಿನ ವಾರವೂ ಕೇಳಿದೆ, ಅದರ ಮುಂದಿನ ವಾರವೂ ಕೇಳಿದೆ. ಕೊನೆಗೆ, “ಪೋಸ್ಟ್‌ಮನ್ ಬರಂಗಿದ್ರೆ ಹೋಗಾಣ. ಮನ್ಯಾಗೆ ಹೇಳಿ ಬಾ” ಅಂದರು. ನಾನು ಮನೆಯಲ್ಲಿ ಹೇಳಲಿಲ್ಲ. ಮೇಷ್ಟ್ರಿಗೆ ಹೇಳಿದ್ದೇನೆ ಅಂದೆ.

ಬೆಳಗಿನ ಬಸ್ಸಿಗೆ ದುರ್ಗಕ್ಕೆ ಹೋದೆವು. ಬಂಡೆಯ ಸಂದಿನಲ್ಲಿ ಬಗ್ಗಿ ಇಳಿದು, ಪೋಸ್ಟ್‌ಮನ್ ಅಣ್ಣನ ಬ್ಯಾಟರಿಯ ಬೆಳಕಿನಲ್ಲಿ ಒಂದು ತಣ್ಣನೆಯ ಕೋಣೆ ಸೇರಿದೆವು. ಮೇಷ್ಟ್ರು ಟೇಪ್ ರೆಕಾರ್ಡರನ್ನು ನೆಲಕ್ಕಿಟ್ಟು ಗುಂಡಿ ಒತ್ತಿದರು. ಆರ್ಗನ್ ಬಂದಾಗ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಲಿಲ್ಲ. ಕಲ್ಲೇ ನುಡಿಯುತ್ತಿತ್ತು, ನನ್ನ ಪಕ್ಕೆಲುಬೂ ನುಡಿಯುತ್ತಿತ್ತು. ಪೋಸ್ಟ್‌ಮನ್ ಅಣ್ಣ ಬ್ಯಾಟರಿ ಆರಿಸಿದ. ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು, ಮೇಷ್ಟ್ರ ಮುಖ ಒದ್ದೆಯಾಗಿತ್ತು. ನನ್ನ ಆಯಸ್ಸಿನಲ್ಲಿ ಅಂಥ ಇನ್ನೊಂದು ಬೆಳಿಗ್ಗೆ ಇಲ್ಲ.

ಯಾರೋ ನಮ್ಮನ್ನು ನೋಡಿದ್ದರು. ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಹತ್ತೂ ಮಿಷನ್ನುಗಳು ಓಡುತ್ತಿರುವಾಗ, ಚಿಕ್ಕಪ್ಪ ಮೆಟ್ಟಿಲು ಹತ್ತಿ ಬಂದರು. ಗೊಬ್ಬರದ ಅಂಗಡಿಯಿದ್ದವರು, ಊರಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಹಿಂದೆ ಐದಾರು ಜನ. ಮಿಷನ್ನುಗಳು ಒಂದೊಂದಾಗಿ ನಿಂತವು.

“ಗವಿಗೆ ಕರ್ಕಂಡ್ ಹೋಗಿದ್ದು ಹೌದೋ ಅಲ್ವೋ?”

“ಹೌದ್ರಿ” ಅಂದರು ಮೇಷ್ಟ್ರು. “ಹಾಡು ಕೇಳಾಕೆ.”

ಹಿಂದಿದ್ದವರು ನಕ್ಕರು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. “ಹಾಡು ಕೇಳಾಕೆ ಗವಿಯಾ? ಯಾವ ಊರಿನ ಹಾಡಪ್ಪ ಅದು?” ಅಂದ ಒಬ್ಬ.

ಅಷ್ಟರಲ್ಲಿ ಸುದ್ದಿ ತಿಳಿದ ಪೋಸ್ಟ್‌ಮನ್ ಅಣ್ಣ ಚೀಲ ಹೊತ್ತೇ ಓಡಿ ಬಂದಿದ್ದ. “ನಾನೂ ಜೊತಿಗಿದ್ದೆ ಕಣ್ರಿ. ಬ್ಯಾಟರಿ ಹಿಡಕಂಡಿದ್ದೇ ನಾನು” ಅಂದ.

“ನೀನು ಕಾಗದ ಹಂಚು ಹೋಗು” ಅಂದರು ಚಿಕ್ಕಪ್ಪ. ಆಮೇಲೆ ನನ್ನ ಕಡೆ ತಿರುಗಿದರು. “ಹೇಳೇ. ಕರೆದಿದ್ದು ಅವನಾ, ಇಲ್ಲ ನೀನೇ ಹೋದ್ಯಾ?”

ನಾನು ಮಿಷನ್ನಿನಲ್ಲಿ ಸಿಕ್ಕಿಸಿದ್ದ ಹಾಳೆಯನ್ನು ನೋಡುತ್ತ ಕೂತೆ. ಒಂದು ಮಾತು ಸಾಕಿತ್ತು. ನಾನೇ ಕೇಳಿದ್ದು, ಮೂರು ವಾರ ಕಾಡಿದ್ದು, ಮನೆಯಲ್ಲಿ ಹೇಳಿದ್ದೇನೆ ಅಂತ ಸುಳ್ಳು ಹೇಳಿದ್ದು. ಬಾಯಿ ತೆರೆಯಲಿಲ್ಲ. ಹೆದರಿದೆ ಅಂತ ಈಗ ಬರೆಯಬಹುದು, ಹುಡುಗಿ, ಚಿಕ್ಕ ವಯಸ್ಸು ಅಂತೆಲ್ಲ ಬರೆಯಬಹುದು. ಅದೆಲ್ಲ ನಿಜವೇ. ಆದರೂ ಬಾಯಿ ನನ್ನದೇ ಆಗಿತ್ತು.

ಮೇಷ್ಟ್ರು ನನ್ನನ್ನು ಒಂದು ಸಲ ನೋಡಿದರು. “ಅವಳನ್ನ ಯಾಕೆ ಕೇಳ್ತೀರಿ. ನಾನೇ ಕರೆದಿದ್ದು” ಅಂದರು.

ಚಿಕ್ಕಪ್ಪ ಮೇಜಿನ ಮೇಲಿದ್ದ ಕ್ಯಾಸೆಟ್ಟಿನ ಒಳಗೆ ಬೆರಳು ತೂರಿಸಿ ಟೇಪನ್ನು ಎಳೆದೆಳೆದು ನೆಲದ ಮೇಲೆ ಹಾಕಿದರು. ನಾಲ್ಕನ್ನೂ. ಟೇಪ್ ರೆಕಾರ್ಡರು ಮೆಟ್ಟಿಲ ಮೇಲಿಂದ ಉರುಳಿ ಹೋಯಿತು. ಒಂದೇ ಒಂದು ಕೈ ಮೇಷ್ಟ್ರ ಮೇಲೆ ಬೀಳಲಿಲ್ಲ. ಅದನ್ನು ಚಿಕ್ಕಪ್ಪ ತಮ್ಮ ದೊಡ್ಡತನ ಅಂತ ಆಮೇಲೆ ಹೇಳಿಕೊಂಡು ತಿರುಗಿದರು.

ತಿಂಗಳೊಳಗೆ ಹುಡುಗಿಯರೆಲ್ಲ ಬಿಟ್ಟರು. ಕಟ್ಟಡದವರು ಕೋಣೆ ಖಾಲಿ ಮಾಡಿ ಅಂದರು. ಮೇಷ್ಟ್ರು ಹೆಂಡತಿಯ ತವರಾದ ಹಿರಿಯೂರಿಗೆ ಹೊರಟುಹೋದರು. ನಾನು ದುರ್ಗದಲ್ಲಿ ಪರೀಕ್ಷೆ ಕಟ್ಟಿ ಪಾಸಾದೆ. ಹೊಸದುರ್ಗದ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾದೆ. ಹತ್ತಿರಹತ್ತಿರ ಮೂವತ್ತು ವರ್ಷ ಅನ್ಯರ ಸಾಕ್ಷಿ ಟೈಪ್ ಮಾಡಿ ಅನ್ನ ತಿಂದಿದ್ದೇನೆ, ಅವರು ಕಲಿಸಿದ ಬೆರಳುಗಳಿಂದ. ಒಮ್ಮೆ ಹಿರಿಯೂರಿನಲ್ಲಿ ಬಸ್ಸು ನಿಧಾನಿಸಿದಾಗ ತಾಲ್ಲೂಕು ಕಚೇರಿಯ ಹತ್ತಿರ, ಬೇವಿನ ಮರದ ಕೆಳಗೆ, ಒಂದು ಟೈಪ್‌ರೈಟರ್ ಇಟ್ಟುಕೊಂಡು ಯಾರದೋ ಅರ್ಜಿ ಹೊಡೆಯುತ್ತಿದ್ದವರನ್ನು ಕಂಡೆ. ತಲೆ ಬೆಳ್ಳಗಾಗಿತ್ತು. ಅಂಗಿಯ ತೋಳು ಮೊಣಕೈವರೆಗೆ ಮಡಿಸಿತ್ತು. ನಾನು ಇಳಿಯಲಿಲ್ಲ. ಮುಂದಿನ ಸಲ ಇಳಿಯೋಣ ಅಂದುಕೊಂಡೆ...

ಹೊಲಿಗೆ ಮಿಷನ್ ಅಂಗಡಿಯಿಂದ ಬಂದ ಮಾರನೆಯ ದಿನ ಪೋಸ್ಟ್‌ಮನ್ ಅಣ್ಣನಿಗೆ ಫೋನ್ ಮಾಡಿದೆ. ಈಗ ರಿಟೈರಾಗಿ ಹೊಳಲ್ಕೆರೆಯಲ್ಲೇ ಇದ್ದಾನೆ. “ಮೇಷ್ಟ್ರು ಹೋಗಿ ಎರಡು ವರ್ಷ ಆಯ್ತಲ್ಲಮ್ಮ” ಅಂದ. “ನಾನು ಮಣ್ಣಿಗೆ ಹೋಗಿದ್ದೆ. ನಿಂಗೆ ಹೇಳ್ಬೇಕು ಅನ್ನಿಸ್ಲಿಲ್ಲ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮೊದಲು ಚಿಕ್ಕಪ್ಪನ ಮನೆಗೆ ಹೋದೆ. ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ, ಊರಿನ ಸಮಾರಂಭಗಳಲ್ಲಿ ಈಗಲೂ ಅವರಿಗೊಂದು ಹಾರ ಬೀಳುತ್ತದೆ.

“ಚಿಕ್ಕಪ್ಪ, ಟೈಪಿಂಗ್ ಮೇಷ್ಟ್ರು ತೀರ್ಕಂಡ್ರಂತೆ.”

“ಯಾವ ಮೇಷ್ಟ್ರೇ?”

ಹೇಳಿದೆ. ಮಹಡಿ, ಕ್ಯಾಸೆಟ್ಟು, ಗವಿ, ಎಲ್ಲವನ್ನೂ ಹೇಳಿದೆ. ಕರೆದದ್ದು ಅವರಲ್ಲ, ನಾನು ಅಂತಲೂ ಹೇಳಿದೆ. ಚಿಕ್ಕಪ್ಪ ಹಣೆ ಉಜ್ಜಿಕೊಂಡರು. “ಅಂಥವು ಎಷ್ಟು ಪಂಚಾಯ್ತಿ ಮಾಡೀನೋ. ಒಂದೊಂದೂ ನೆನಪಿರ್ತಾವಾ? ಕಾಫಿ ಕುಡಿ” ಅಂದರು.

ನಾನು ಕಾಫಿ ಕುಡಿಯಲಿಲ್ಲ. ಒಬ್ಬ ಮನುಷ್ಯನ ಬದುಕನ್ನು ನೆಲಕ್ಕೆ ಎಳೆದು ಹಾಕಿದವರಿಗೆ ಅದು ಮರೆತೇಹೋಗಿದೆ. ಅಲ್ಲಿಂದ ಎದ್ದವಳು, ಪೋಸ್ಟ್‌ಮನ್ ಅಣ್ಣ ಹೇಳಿದ್ದ ವಿಳಾಸ ಹಿಡಿದು, ನೇರ ಹಿರಿಯೂರಿನ ಬಸ್ಸು ಹತ್ತಿದೆ.

ಮೇಷ್ಟ್ರ ಹೆಂಡತಿ ಬಾಗಿಲು ತೆರೆದರು. ಹೊಳಲ್ಕೆರೆಯಿಂದ ಬಂದವಳು, ಟೈಪಿಂಗ್ ಕಲಿತವಳು ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೀನೇನಾ ಆ ಹುಡುಗಿ?”

“ಹೌದಮ್ಮ.”

ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನೇ ಹೋಗಿ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬಿದ್ದುಹೋಗಿದ್ದವು.

“ಅಮ್ಮ, ಅವತ್ತು ಅವರು ನನ್ನನ್ನ ಕರೀಲಿಲ್ಲ. ನಾನೇ ಕಾಡಿ ಒಪ್ಪಿಸಿದ್ದು. ಪೋಸ್ಟ್‌ಮನ್ ಅಣ್ಣ ನಮ್ ಜೊತೆಗೇ ಇದ್ದ. ಎಲ್ರ ಮುಂದೆ ನನ್ನ ಕೇಳ್ದಾಗ ನಾನು ಬಾಯಿ ಬಿಡ್ಲಿಲ್ಲ. ಅದಕ್ಕೇ ಅವರು ‘ನಾನೇ ಕರೆದಿದ್ದು’ ಅಂದ್ರು.”

ಅವರು ಬಾಗಿಲು ಬಿಟ್ಟು ಒಳಗೆ ಬಂದರು.

“ನಂಗೂ ಹಂಗೇ ಅಂದಿದ್ರು” ಅಂದರು. “ನಾನೇ ಕರೆದಿದ್ದು, ತಪ್ಪೇನೂ ನಡೀಲಿಲ್ಲ, ಇನ್ನೇನೂ ಕೇಳ್ಬೇಡ ಅಂದಿದ್ರು. ನಾನು ಕೇಳ್ಲಿಲ್ಲ. ನಂಬ್ಲೂ ಇಲ್ಲ. ಇಪ್ಪತ್ತೆಂಟು ವರ್ಷ ಒಂದೇ ಮನ್ಯಾಗೆ ಇದ್ವಿ ಕಣವ್ವ. ಊಟಕ್ಕೆ ಬರ್ರಿ, ಬಾಗಿಲು ಹಾಕ್ರಿ, ಇಷ್ಟೇ ಮಾತು. ಈಗ ಬಂದು ಹೇಳ್ತೀಯಲ್ಲ, ನಾನು ಇದನ್ನ ಏನ್ ಮಾಡ್ಲಿ?”

ನಾನು ಹಾಳು ಮಾಡಿದ್ದು ಒಂದು ಟೈಪಿಂಗ್ ಶಾಲೆ ಅಂತ ಇಷ್ಟು ವರ್ಷ ತಿಳಿದಿದ್ದೆ. ಈ ಮನೆಯ ಲೆಕ್ಕ ನನಗೆ ತಿಳಿದೇ ಇರಲಿಲ್ಲ. ಮೊದಲ ಬಾರಿಗೆ ಮೇಷ್ಟ್ರ ಮೇಲೂ ಸಿಟ್ಟು ಬಂತು. ನನ್ನನ್ನು ಕಾಯಲು ಊರ ಮುಂದೆ ಒಂದು ಸುಳ್ಳು ಹೇಳಿದರು, ಸರಿ. ಹೆಂಡತಿಯ ಮುಂದೆಯೂ ಯಾಕೆ? ಇವರು ಯಾರಿಗೆ ಹೋಗಿ ಹೇಳುತ್ತಿದ್ದರು?

“ಇಲ್ಲಿ ಹಾಡು ಕೇಳ್ತಿದ್ರಾ ಅಮ್ಮ?” ಅಂದೆ.

“ಯಾವ್ದನ್ನೂ ಕೇಳ್ಲಿಲ್ಲ. ರೇಡಿಯೋನೂ ಹಾಕಾಕೆ ಬಿಡ್ತಿರಲಿಲ್ಲ.” ಆಮೇಲೆ ಅವರೇ ಕೇಳಿದರು, “ಅದ್ರಾಗೆ ಅಂಥಾದ್ದೇನಿತ್ತು? ನೀನಾದ್ರೂ ಹೇಳು. ನಂಗೊಂದಿನಾನೂ ಕೇಳಿಸ್ಲಿಲ್ಲ ಅವರು.”

ಹೇಳಲು ಹೊರಟೆ. ಏಳರ ತಾಳ, ಕೋಟೆಯ ಬಾಗಿಲು, ಆರ್ಗನ್ನು... ನನ್ನ ಮಾತು ನನಗೇ ಆ ಫೋನಿನ ಗುಂಪಿನವರ ಮಾತಿನಂತೆ ಕೇಳಿಸಿತು. ಸುಮ್ಮನಾಗಿ ಮೊಬೈಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹಾಡು ಹಚ್ಚಿದೆ.

ಅವರು ಕೈಕಟ್ಟಿ ನೆಲ ನೋಡುತ್ತ ಕೂತರು. ಏಳರ ತಾಳ ಬಂತು, ಹೋಯಿತು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಒಂಬತ್ತನೇ ನಿಮಿಷಕ್ಕೆ ಎಲ್ಲ ನಿಂತು ಆರ್ಗನ್ ಉಳಿಯಿತು. ಪಕ್ಕದ ಮನೆಯವರು ಯಾರೋ ಬಾಗಿಲಿಗೆ ಬಂದು ಏನೋ ಕೇಳಿದರು, ಇವರು ಕೈ ಎತ್ತಿ ತಡೆದರು. ಇಪ್ಪತ್ತೆರಡು ನಿಮಿಷ, ಪೂರ್ತಿ.

ಮುಗಿದ ಮೇಲೆ ಅವರು ಎದ್ದು ನಿಂತರು.

“ಚೆನ್ನಾಗೈತೋ ಇಲ್ವೋ ನಂಗೆ ಗೊತ್ತಾಗಲ್ಲ” ಅಂದರು. “ಆದ್ರೆ ಇದನ್ನ ಕೇಳಾಕೆ ಒಬ್ಬ ಮನುಷ್ಯ ಗವಿಗೆ ಹೋಗಿದ್ದ ಅಂದ್ರೆ, ನಂಬ್ತೀನಿ.”

ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಒಳಗಿಂದ ಪಾತ್ರೆಯ ಸದ್ದೂ ಬರಲಿಲ್ಲ, ಅಳುವ ಸದ್ದೂ ಬರಲಿಲ್ಲ. ನಾನು ಸ್ವಲ್ಪ ಹೊತ್ತು ಕೂತಿದ್ದು, ಬಾಗಿಲು ಮುಂದೆ ಮಾಡಿಕೊಂಡು ಹೊರಟೆ.

ಈಗಲೂ ಆ ಬ್ಯಾಂಡಿನ ಹಾಡುಗಳನ್ನು ಕೇಳುತ್ತೇನೆ. ಮನಸ್ಸು ಹಗುರಾಗಲಿ ಅಂತ ಅಲ್ಲ. ಸಿಟ್ಟು ಕಡಿಮೆಯಾಗಿಲ್ಲ, ಚಿಕ್ಕಪ್ಪನ ಮೇಲೂ, ಆ ನಕ್ಕವರ ಮೇಲೂ, ನನ್ನ ಮೇಲೂ. ಕಡಿಮೆ ಮಾಡಿಕೊಳ್ಳುವ ಮನಸ್ಸೂ ಇಲ್ಲ. ನಂಬ್ತೀನಿ ಅನ್ನುವ ಆ ಒಂದು ಮಾತು ಎರಡು ವರ್ಷಕ್ಕೂ ಮೊದಲೇ ಬಂದಿದ್ದರೆ ಕೇಳಲು ಮೇಷ್ಟ್ರು ಇರುತ್ತಿದ್ದರು. ಅವತ್ತು ನಾನು ಬಸ್ಸಿಳಿಯಬೇಕಿತ್ತು.